ಒಂದು ಬೆರಳಷ್ಟು ಓರೆ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ದುರ್ಬೀನು ಎಂದು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಮುಖದೆದುರಿಗೇ. ಹೊಲಿಗೆ ನಡೆಯುವ ದೊಡ್ಡ ಹಾಲ್‌ನ ಕೊನೆಯಲ್ಲಿ, ಕಣ್ಣು ಕುಕ್ಕುವ ಟ್ಯೂಬ್‌ಲೈಟುಗಳ ಕೆಳಗೆ ಅವಳ ಮೇಜು. ಹೊಲಿದು ಮುಗಿದ ಪ್ಯಾಂಟುಗಳು ಅಲ್ಲಿಗೆ ಬಂದು ಬೀಳಬೇಕು. ಅವಳು ಒಂದೊಂದನ್ನೂ ಒಳಗೆ ಹೊರಗೆ ತಿರುಗಿಸಿ, ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿ, ಜಿಪ್ಪು ಎಳೆದು, ಕಾಜಾದೊಳಗೆ ಗುಂಡಿ ತೂರಿಸಿ, ಜೋತುಬಿದ್ದ ದಾರ ಕತ್ತರಿಸಿ ನೋಡುತ್ತಿದ್ದಳು. ಸರಿಯಿದ್ದರೆ ಹಸಿರು ಸ್ಟಿಕ್ಕರು, ಇಲ್ಲದಿದ್ದರೆ ಕೆಂಪು. ಪ್ರತಿ ಸ್ಟಿಕ್ಕರಿನ ಮೇಲೂ ಅವಳ ನಂಬರು.

"ನಮ್ಮ ದುರ್ಬೀನು ಕೈಗೆ ಸಿಕ್ಕಿದ್ರೆ ದೇವರು ಹೊಲಿದ ಚರ್ಮದಲ್ಲೂ ಒಂದು ಹೊಲಿಗೆ ತಪ್ಪು ಸಿಗುತ್ತೆ ಕಣ್ರೇ," ಎಂದು ಕಾಜಾ ಮೆಷಿನ್ನಿನವಳು ಸಾಲಿನ ಹೆಂಗಸರನ್ನೆಲ್ಲ ನಗಿಸುತ್ತಿದ್ದಳು.

ಹಾಲ್‌ನ ಇನ್ನೊಂದು ತುದಿಯಲ್ಲಿ ಅವಳ ಗಂಡ, ಕಟಿಂಗ್ ಮಾಸ್ಟರ್. ಮಾರುಗಟ್ಟಲೆ ಉದ್ದದ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹರಡಿ, ಮೇಲೆ ರಟ್ಟಿನ ಪ್ಯಾಟರ್ನುಗಳನ್ನು ಜೋಡಿಸಿ, ಸುತ್ತ ಗೆರೆ ಎಳೆದು, ಕರೆಂಟಿನ ಕತ್ತರಿ ಓಡಿಸಿದನೆಂದರೆ ಒಂದೇ ಏಟಿಗೆ ರಾಶಿ ರಾಶಿ ಕಾಲುಗಳು. ಅವನು ಕತ್ತರಿಸಿದ್ದು ಮೆಷಿನ್ನುಗಳ ಸಾಲುಗಳನ್ನು ದಾಟಿ, ಕೈಯಿಂದ ಕೈಗೆ ಹೋಗಿ, ಪ್ಯಾಂಟಾಗಿ ಹೆಂಡತಿಯ ಮೇಜಿಗೆ ಬಂದು ಸೇರುತ್ತಿತ್ತು. "ಗಂಡ ಕತ್ತರಿಸ್ತಾನೆ, ಹೆಂಡತಿ ಕೊಂಕು ತೆಗೀತಾಳೆ. ಇನ್ನು ಮನೇಲಿ ಮಾಡೋಕೆ ಏನು ಉಳಿದಿದೆಯೋ!" ಎನ್ನುವುದು ಇಸ್ತ್ರಿಯವನ ಖಾಯಂ ಮಾತು.

ಅವರಿಬ್ಬರ ಪರಿಚಯವಾದದ್ದೂ ಒಂದು ಕೆಂಪು ಸ್ಟಿಕ್ಕರಿನಿಂದಲೇ. ಅವಳು ಆಗಷ್ಟೇ ಕಾಲೇಜು ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಸೇರಿದ್ದಳು. ತಾನು ಕತ್ತರಿಸಿದ ಮಾಲಿಗೆ ಹೊಸ ಹುಡುಗಿಯೊಬ್ಬಳು ಕೆಂಪು ಅಂಟಿಸಿದ್ದಾಳೆಂದು ಕೇಳಿ ಅವನು ಪ್ಯಾಂಟು ಹಿಡಿದುಕೊಂಡು ಇಡೀ ಹಾಲ್ ದಾಟಿ ಬಂದಿದ್ದ.

"ಇದರಲ್ಲೇನಿದೆ ತಪ್ಪು?"

"ಒಂದು ಜೇಬು ಮೇಲಿದೆ, ಒಂದು ಕೆಳಗಿದೆ."

"ಅಕ್ಕಿಕಾಳಷ್ಟು! ಅಷ್ಟಕ್ಕೆ ಯಾರು ಅಳ್ತಾರೆ?"

"ಅನ್ನದಲ್ಲಿ ಸಿಗೋ ಕಲ್ಲೂ ಅಕ್ಕಿಕಾಳಷ್ಟೇ ಇರುತ್ತೆ. ಹಲ್ಲು ಮುರಿಯಲ್ವಾ?"

ಅವನು ನಕ್ಕುಬಿಟ್ಟ. ಜಗಳಕ್ಕೆ ಬಂದವನು ನಕ್ಕರೆ ಅರ್ಧ ಮದುವೆ ಆದಂತೆ ಎಂದು ಕಾಜಾದವಳು ಆಮೇಲೆ ಹೇಳಿದಳು. ಉಳಿದರ್ಧವೂ ಬೇಗನೆ ಆಯಿತು. ಮಗಳು ಹುಟ್ಟಿದಳು. ಮಾಸ್ಟರನ ತಾಯಿ ಮಗುವನ್ನು ನೋಡಿಕೊಳ್ಳಲು ಬಂದು ಇವರ ಜೊತೆಗೇ ನಿಂತಳು. ಎರಡು ಕೋಣೆಯ ಬಾಡಿಗೆ ಮನೆ, ಮೂರನೇ ಮಹಡಿ. ಎರಡು ಸಂಬಳ ಬಂದರೆ ತಿಂಗಳ ಕೊನೆಯ ವಾರ ಉಸಿರು ಬಿಗಿಹಿಡಿದು ದಾಟಬಹುದು. ಒಂದೇ ಆದರೆ ಹೇಗೆ ಎಂದು ಅವಳು ಆಗಾಗ ಯೋಚಿಸುತ್ತಿದ್ದಳು. ಮಗು ಕೆಮ್ಮಿದರೆ, ಅತ್ತೆ ಜಾರಿ ಬಿದ್ದರೆ, ಮನೆ ಮಾಲೀಕ ಬಾಡಿಗೆ ಏರಿಸಿದರೆ. ಚಿಂತೆ ಮಾಡುವುದರಲ್ಲೂ ಅವಳು ಚೆಕಿಂಗಿನವಳೇ. ಒಳಗೆ ಹೊರಗೆ ತಿರುಗಿಸಿ ನೋಡದೆ ಯಾವ ಚಿಂತೆಯನ್ನೂ ಮುಂದಕ್ಕೆ ಬಿಡುತ್ತಿರಲಿಲ್ಲ.

ಆರ್ಥಿಕ ಹಿಂಜರಿತ ಪೇಪರಿನಲ್ಲಿ ಬಂದ ಹಾಗೆ ಕಾರ್ಖಾನೆಗೆ ಬರಲಿಲ್ಲ. ಮೊದಲು ಮಧ್ಯಾಹ್ನದ ಚಹಾ ನಿಂತಿತು. ಆಮೇಲೆ ಕೈತೊಳೆಯುವ ಸೋಪು ಕಾಣೆಯಾಯಿತು. ಓವರ್‌ಟೈಮ್ ಹೋಯಿತು, ಅರ್ಧ ಫ್ಯಾನುಗಳು ನಿಂತವು. ಒಂದು ಬೆಳಗ್ಗೆ ಬಂದು ನೋಡಿದರೆ ಕೊನೆಯ ಸಾಲಿನ ಮೆಷಿನ್ನುಗಳಿಗೆ ಗೌಸು ಹಾಕಿತ್ತು. ಯಾರ ಮೆಷಿನ್ನಿಗೆ ಗೌಸು ಬಿತ್ತೋ ಅವಳು ಮರುದಿನ ಬರುತ್ತಿರಲಿಲ್ಲ. ಸಂಜೆ ಮನೆಗೆ ಹೊರಡುವಾಗ ಪ್ರತಿಯೊಬ್ಬಳೂ ತನ್ನ ಮೆಷಿನ್ನನ್ನು ಒಮ್ಮೆ ತಿರುಗಿ ನೋಡುವುದು ರೂಢಿಯಾಯಿತು.

ಕೊನೆಗೆ ಉಳಿದದ್ದು ಒಂದೇ ಆರ್ಡರು, ಶಾಲಾ ಮಕ್ಕಳ ಯೂನಿಫಾರ್ಮ್ ಪ್ಯಾಂಟು. ಅದು ಶುರುವಾದ ದಿನ ಇನ್‌ಚಾರ್ಜ್ ಎಲ್ಲರನ್ನೂ ಕಟಿಂಗ್ ಮೇಜಿನ ಹತ್ತಿರ ಸೇರಿಸಿದ. ಯಾವತ್ತೂ ದನಿ ಏರಿಸದ, ನಯವಾಗಿ ಮಾತಾಡುವ ಮನುಷ್ಯ.

"ಈ ಆರ್ಡರ್ ಮುಗಿದ ಮೇಲೆ ಒಂದು ಮನೆಗೆ ಒಂದೇ ಕೆಲಸ ಅಂತ ಮೇಲಿನವರು ತೀರ್ಮಾನ ಮಾಡಿದಾರೆ. ಇಬ್ಬಿಬ್ಬರು ಇರೋ ಮನೆಯವರು ನೀವ್ ನೀವೇ ಮಾತಾಡ್ಕೊಂಡು ಯಾರು ಉಳೀತೀರಿ ಅಂತ ಹೇಳಿ. ನಾನು ಯಾರ ಮನೇಗೂ ಬೆಂಕಿ ಹಚ್ಚೋಕೆ ಬರಲ್ಲ," ಎಂದ.

"ಬೆಂಕಿಪೆಟ್ಟಿಗೆ ಕೈಗೆ ಕೊಟ್ಟ, ಅಷ್ಟೇ," ಎಂದು ಕಾಜಾದವಳು ಗೊಣಗಿದಳು.

ಅವತ್ತು ಸಂಜೆ ಮನೆಗೆ ನಡೆಯುವಾಗ ಮಾಸ್ಟರನ ಮುಖದಲ್ಲಿ ಮಾತ್ರ ಏನೋ ಗೆಲುವು. ಮೀಟಿಂಗ್ ಮುಗಿದ ಮೇಲೆ ಇನ್‌ಚಾರ್ಜ್ ಅವನೊಬ್ಬನನ್ನೇ ಪಕ್ಕಕ್ಕೆ ಕರೆದಿದ್ದನಂತೆ.

"ಏನು ಹೇಳಿದ್ರು ಗೊತ್ತಾ? 'ಮಾಸ್ಟರ್, ಈ ಆರ್ಡರಿನಲ್ಲಿ ಬಟ್ಟೆ ಉಳಿಸಿ ತೋರಿಸಿ. ಅದನ್ನೇ ಮೇಲಿನವರಿಗೆ ತೋರಿಸಿ ನಿಮ್ಮಿಬ್ಬರನ್ನೂ ಉಳಿಸ್ಕೊಳ್ತೀನಿ. ಹೇಗೆ ಉಳಿಸಿದ್ರಿ ಅಂತ ನಾನು ಕೇಳಲ್ಲ' ಅಂದ್ರು ಕಣೇ."

"ಉಳಿಸೋಕಾಗುತ್ತಾ ರೀ?"

"ಕತ್ತರಿ ಹಿಡಿದವನಿಗೆ ಯಾಕಾಗಲ್ಲ?"

ಅವಳಿಗೆ ಖುಷಿಯಾಯಿತು. ಖುಷಿಯ ಹಿಂದೆಯೇ 'ಹೇಗೆ ಅಂತ ಕೇಳಲ್ಲ' ಎಂಬ ಮಾತು ಚುಚ್ಚಿತು. ತನಗೆ ಯಾವ ಮಾತು ತಾನೇ ಚುಚ್ಚುವುದಿಲ್ಲ ಎಂದುಕೊಂಡು ಮುಂದೆ ನಡೆದಳು.

ಮನೆಯಲ್ಲಿ ದಿನಗಳು ಸಣ್ಣ ಸಣ್ಣ ಸಿಡುಕಿನಲ್ಲಿ ಸಾಗಿದವು. ಓವರ್‌ಟೈಮ್ ಇಲ್ಲದ ಸಂಬಳ ಮೊಣಕಾಲವರೆಗಿನ ಹೊದಿಕೆಯಂತೆ, ತಲೆಗೆ ಎಳೆದರೆ ಕಾಲು ಹೊರಗೆ. ಮಾಸ್ಟರ್ ಕೋಣೆಯಿಂದ ಕೋಣೆಗೆ ಹೋಗುತ್ತ ಲೈಟು ಆರಿಸುತ್ತಿದ್ದ. "ಆರಿಸಿ ಆರಿಸಿ ನಿನ್ನ ಮುಖಾನೇ ಮರೆತುಹೋಗಿದೆ ಕಣೋ. ನಾಳೆ ಯಾವನೋ ಬಂದು ನಿನ್ನ ಮಗ ಅಂದ್ರೆ ಊಟ ಹಾಕಿ ಕಳಿಸ್ತೀನಿ," ಎಂದು ಅತ್ತೆ ಕತ್ತಲಲ್ಲೇ ಕೂತು ಹೇಳಿದರೆ ಅವನು ಮೊದಲಾದರೆ ನಗುತ್ತಿದ್ದ. ಈಗ, "ಊಟ ಹಾಕೋಕೆ ಇರಬೇಕಲ್ಲ ಮೊದಲು," ಎಂದು ಬಾಗಿಲು ಬಡಿದುಕೊಂಡು ಹೊರಗೆ ಹೋಗುತ್ತಿದ್ದ.

ಇದೆಲ್ಲದರ ನಡುವೆ ಪುಟ್ಟಿ ಬೆಳೆಯುತ್ತಿದ್ದಳು. ಮಕ್ಕಳ ಕಾಲಿಗೆ ದೇಶದ ಕಷ್ಟ ಎಲ್ಲಿ ಅರ್ಥವಾಗುತ್ತದೆ? ಹೋದ ಚಳಿಗೆ ಕೊಂಡ ಪ್ಯಾಂಟು ಮೀನಖಂಡದ ಮೇಲೆ ನಿಂತಿತ್ತು. ಮಗು ಬೆಳೆಯುವುದನ್ನು ನೋಡಿ ತಾಯಿಗೆ ಹೆದರಿಕೆಯಾಗುತ್ತಿದೆಯಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಕಾರ್ಖಾನೆಯಲ್ಲಿ ಎಣ್ಣೆಕಲೆ ಬಿದ್ದ ಮಾಲನ್ನು ಕೆಲಸದವರಿಗೇ ಅಗ್ಗಕ್ಕೆ ಕೊಡುವುದುಂಟು. ಅಂಥದ್ದೊಂದು ಯೂನಿಫಾರ್ಮ್ ಪ್ಯಾಂಟನ್ನು ಮಗಳಿಗೆಂದು ತಂದಳು. ಕಲೆ ಸೊಂಟದ ಪಟ್ಟಿಯ ಮೇಲಿತ್ತು. ಸ್ವೆಟರ್ ಹಾಕಿದರೆ ಕಾಣದು. ಅಪ್ಪನೇ ಕತ್ತರಿಸಿದ ಪ್ಯಾಂಟು ಎಂದು ಪುಟ್ಟಿ ಕಟ್ಟಡದ ಮೆಟ್ಟಿಲುಗಳ ಮೇಲೆಲ್ಲ ಹೇಳಿಕೊಂಡು ಬಂದಳು. "ನಮ್ಮಪ್ಪ ಮಾಡಿದ್ದು!"

ಭಾನುವಾರ ಅದನ್ನು ಮೊದಲ ಸಲ ಒಗೆದು ಒಣಗಿಸಿದ್ದಾಯಿತು. ಸೋಮವಾರ ಬೆಳಗ್ಗೆ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಪುಟ್ಟಿ ಕಾಲು ಒದರುತ್ತ ನಿಂತಳು.

"ಅಮ್ಮಾ, ಪ್ಯಾಂಟು ನನ್ನ ಕಾಲನ್ನ ತಿರುಗಿಸ್ತಿದೆ."

"ಸರಿಯಾಗಿ ಹಾಕ್ಕೋ. ಕಣ್ಣು ಮುಚ್ಕೊಂಡು ಹಾಕ್ಕೊಂಡಿರ್ತೀಯ."

"ಸರಿಯಾಗೇ ಹಾಕ್ಕೊಂಡಿದೀನಿ!"

ಗದರಲೆಂದು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಪಕ್ಕದ ಹೊಲಿಗೆ ತೊಡೆಯ ಹತ್ತಿರ ಪಕ್ಕದಲ್ಲೇ ಇತ್ತು. ಮಂಡಿಯ ಹತ್ತಿರ ಬರುವಷ್ಟರಲ್ಲಿ ಮುಂದಕ್ಕೆ ಸರಿದಿತ್ತು. ಪಾದದ ಹತ್ತಿರ ನೇರ ಮುಂದೆ, ಕಣಕಾಲ ಮೂಳೆಯ ಮೇಲೆ ಬಳ್ಳಿಯಂತೆ ಸುತ್ತಿಕೊಂಡು ನಿಂತಿತ್ತು. ಎರಡೂ ಕಾಲಿನಲ್ಲಿ. ಅವಳು ಅಂಚಿನಿಂದ ಒಂದು ಎಳೆ ಬಿಡಿಸಿ ಎಳೆದು ನೋಡಿದಳು. ಬಟ್ಟೆಯ ಉದ್ದದ ಎಳೆ ಕಾಲಿನುದ್ದಕ್ಕೆ ನೇರವಾಗಿ ಇಳಿಯಬೇಕು. ಇದು ಓರೆಯಾಗಿ ಇಳಿದು ಹೊಲಿಗೆಯನ್ನು ಮುಟ್ಟಿತು.

ಹೊಲಿದವರ ತಪ್ಪಲ್ಲ. ಕತ್ತರಿಸುವಾಗಲೇ ಪ್ಯಾಟರ್ನು ಎಳೆಗೆ ಓರೆಯಾಗಿತ್ತು. ಇಸ್ತ್ರಿ ಹಾಕಿದ ಹೊಸ ಪ್ಯಾಂಟಿನಲ್ಲಿ ಅದು ಯಾವ ದುರ್ಬೀನಿಗೂ ಕಾಣದು. ನೀರು ಬಿದ್ದಾಗ ಮಾತ್ರ ಎಳೆ ತನ್ನ ದಾರಿ ಹಿಡಿಯುತ್ತದೆ, ಕಾಲು ತಿರುಚಿಕೊಳ್ಳುತ್ತದೆ.

ಮಾಸ್ಟರ್ ಅಡುಗೆಮನೆಯ ಬಾಗಿಲಲ್ಲಿ ಕೂತು ಕಿತ್ತುಹೋದ ಚಪ್ಪಲಿಗೆ ಹೊಲಿಗೆ ಹಾಕುತ್ತಿದ್ದ. ಅವಳು ಮಗುವಿಗೆ ಹಳೆಯ ಪ್ಯಾಂಟನ್ನೇ ತೊಡಿಸಿ, ಹೊಸದನ್ನು ಅವನ ಮುಂದೆ ಹಿಡಿದಳು.

"ಇದೇನ್ರೀ?"

"ಪ್ಯಾಂಟು."

"ಪ್ಯಾಂಟು ಅಂತ ನಂಗೂ ಗೊತ್ತು. ಹೊಲಿಗೆ ಎಲ್ಲಿಗೆ ಬಂದಿದೆ ನೋಡಿ."

ಅವನು ನೋಡಲಿಲ್ಲ. ನೋಡದೇ ಇದ್ದುದರಿಂದಲೇ ಅವಳಿಗೆ ಎಲ್ಲ ಗೊತ್ತಾಗಿಹೋಯಿತು.

"ಒಂದು ಬೆರಳಷ್ಟು ಓರೆ ಇಟ್ಟಿದೀನಿ," ಎಂದ ಸೂಜಿ ಎಳೆಯುತ್ತ. "ಕಾಲಿನ ಪೀಸು ನೇರ ಇಟ್ರೆ ಎರಡರ ಮಧ್ಯೆ ಜಾಗ ಚಿಂದಿಗೆ ಹೋಗುತ್ತೆ. ಚೂರು ವಾಲಿಸಿದ್ರೆ ಆ ಸಂದೀಲಿ ಜೇಬಿನ ಪೀಸು ಕೂತ್ಕೊಳ್ಳುತ್ತೆ. ಹಿಂದೆ ಎಷ್ಟೋ ಸಲ ಮಾಡಿದೀನಿ, ಏನೂ ಆಗಿಲ್ಲ."

"ಹಿಂದೆ ಏನೂ ಆಗಿಲ್ಲ. ಈಗ ಆಗಿದೆಯಲ್ಲ!"

"ಹಿಂದೆ ಬರ್ತಿದ್ದ ಬಟ್ಟೆ ಬಟ್ಟೆ ಥರ ಇತ್ತು, ತಡ್ಕೊಳ್ತಿತ್ತು. ಈಗ ಕಂಪನಿಯವರು ಅಗ್ಗಕ್ಕೆ ತರಿಸ್ತಿರೋದು ಸೊಳ್ಳೆಪರದೆ. ಇಷ್ಟು ತಿರುಚುತ್ತೆ ಅಂತ ನಾನು ಕನಸು ಕಂಡಿದ್ನಾ?"

"ಈಗಲೇ ಹೋಗಿ ಹೇಳಿಬಿಡಿ ರೀ."

"ಹೇಳಿ? 'ಸಾರ್, ಅರ್ಧ ಆರ್ಡರು ಕೆಡಿಸಿದೀನಿ, ಇಬ್ಬರನ್ನೂ ಉಳಿಸ್ಕೊಳ್ಳಿ' ಅಂತಲಾ?" ಅವನು ಚಪ್ಪಲಿ ಕೆಳಗಿಟ್ಟ. "ನೀನು ಅಲ್ಲಿ ಒಗೆದು ನೋಡ್ತೀಯಾ? ಇಲ್ಲ ತಾನೆ? ಕಣ್ಣಿಗೆ ಕಾಣೋದಕ್ಕೆ ತಾನೆ ನಿನ್ನ ಸ್ಟಿಕ್ಕರು? ಕಾಣಲ್ಲ. ಹಸಿರು ಅಂಟಿಸು, ಮಾಲು ಹೋಗ್ಲಿ."

"ಅದರ ಮೇಲೆ ನನ್ನ ನಂಬರಿದೆ."

"ಅದನ್ನ ಹೊಲಿದವರಿಗೆ ಹೊಟ್ಟೆ ಇದೆ, ಕತ್ತರಿಸಿದವನಿಗೆ ಹೊಟ್ಟೆ ಇದೆ. ನಿಂಗೊಬ್ಬಳಿಗೆ ನಂಬರಿದೆ!"

ಒಲೆಯ ಹತ್ತಿರದಿಂದ ಅತ್ತೆ ಸೌಟು ತೋರಿಸಿದಳು. "ಬೆಳಬೆಳಗ್ಗೆ ಶುರುವಾಯ್ತಾ? ನೋಡೇ, ಅವನು ಮಾಡಿದ್ದು ನಿನ್ನನ್ನೂ ಸೇರಿಸಿ ಉಳಿಸೋಕೆ. ಕಣ್ಣು ಚುರುಕಿದ್ರೆ ಸಾಲದಮ್ಮಾ, ಯಾವಾಗ ಮುಚ್ಕೋಬೇಕು ಅಂತಲೂ ತಿಳಿದಿರಬೇಕು."

ಅವತ್ತು ಅವಳು ಹಸಿರು ಅಂಟಿಸಿದಳು. ಬೆಳಗ್ಗಿನಿಂದ ಸಂಜೆವರೆಗೆ ಒಂದೇ ಒಂದು ಕೆಂಪು ಹಚ್ಚಲಿಲ್ಲ. "ಏನೇ ದುರ್ಬೀನು, ಗಾಜಿಗೆ ಮಂಜು ಹಿಡಿದಿದ್ಯಾ?" ಎಂದು ಕಾಜಾದವಳು ಕೇಳಿದಾಗ ನೆಗಡಿ ಎಂದು ಮೂಗೊರೆಸಿಕೊಂಡಳು. ಅಂಟಿಸಿದ ಪ್ರತಿಯೊಂದೂ ಎದುರಿನ ಪೆಟ್ಟಿಗೆಯಲ್ಲಿ ಬಿದ್ದು, ಅವಳ ನಂಬರನ್ನು ಮೇಲಕ್ಕೆ ಮಾಡಿಕೊಂಡು ಮಲಗುತ್ತಿತ್ತು.

ಅವತ್ತು ಊಟದ ಹೊತ್ತಿಗೆ ಇನ್ನೊಂದು ಕಾರ್ಖಾನೆಯ ಸುದ್ದಿ ತಂದವಳೂ ಕಾಜಾದವಳೇ. ಅವಳ ನಾದಿನಿ ಕೆಲಸ ಮಾಡುವ ಕಡೆ ಮಾಲು ವಾಪಸ್ ಬಂದಿತ್ತು. "ಯಾರದು ತಪ್ಪು ಅಂತ ಹುಡುಕೋಕೆ ಹೋಗಲಿಲ್ವಂತೆ. ಮೊದಲು ಚೆಕಿಂಗಿನವರನ್ನ ಕಳಿಸಿದ್ರು, ಆಮೇಲೆ ಕಟಿಂಗ್, ಆಮೇಲೆ ಬಾಗಿಲಿಗೆ ಬೀಗ," ಎಂದು ಬಾಯಿಯ ತುಂಬ ತುತ್ತಿಟ್ಟುಕೊಂಡು ಹೇಳಿದಳು. ದುರ್ಬೀನು ತನ್ನ ಊಟದ ಡಬ್ಬಿಯ ಮುಚ್ಚಳ ಹಾಕಿದಳು.

ಈ ಮಾಲು ಹೋಗಿ ವಾಪಸ್ ಬಂದರೆ ಇಬ್ಬರೂ ಹೊರಗೆ. ಈಗಲೇ ಸಿಕ್ಕಿಬಿದ್ದರೆ ಅವನೊಬ್ಬ. ಎರಡು ದಿನ ಅವಳು ಇದನ್ನು ಒಳಗೆ ಹೊರಗೆ ತಿರುಗಿಸಿ ನೋಡಿದಳು. ಊರ ಮಕ್ಕಳೆಲ್ಲ ಸೊಟ್ಟ ಕಾಲಿನ ಪ್ಯಾಂಟು ಹಾಕಿಕೊಂಡು ಶಾಲೆಗೆ ಹೋಗುವುದು ಅವಳ ಕಣ್ಣಿಗೆ ಕಟ್ಟಲಿಲ್ಲವೆಂದಲ್ಲ. ಆದರೆ ಅವಳನ್ನು ಎಬ್ಬಿಸಿ ನಿಲ್ಲಿಸಿದ್ದು ಅದಲ್ಲ. ಎಬ್ಬಿಸಿದ್ದು ಮೂರನೇ ಮಹಡಿಯ ಆ ಎರಡು ಕೋಣೆ, ಅದರಲ್ಲಿ ಒಂದೂ ಸಂಬಳವಿಲ್ಲದ ನಾಲ್ಕು ಜನ. ಗಂಡನಿಗೆ ಹೇಳಿಯೇ ಮುಂದುವರಿಯಬೇಕೆಂದು ದಾರಿಯಲ್ಲಿ ಬಾಯಿ ತೆರೆದಳು. ಅವನು ರಸ್ತೆಯ ಅಂಗಡಿಯೊಂದರ ಎಳೆದ ಷಟರನ್ನು ತೋರಿಸಿ, "ಇವನೂ ಹೋದ," ಎಂದ. ಅವಳು ಬಾಯಿ ಮುಚ್ಚಿಕೊಂಡಳು.

ಬುಧವಾರ ಬೆಳಗ್ಗೆ ಇನ್‌ಚಾರ್ಜನ ಗಾಜಿನ ಕೋಣೆಗೆ ಹೋದಳು.

"ಸಾರ್, ಪ್ಯಾಕಿಂಗಿಗೆ ಮುಂಚೆ ಒಂದು ಪೀಸು ಒಗೆದು ನೋಡೋಣ."

"ಯಾಕಮ್ಮಾ? ಏನಾದ್ರೂ ಕಂಡಿತಾ?"

"ಕಂಡಿಲ್ಲ ಸಾರ್. ಬಟ್ಟೆ ಹೊಸದಲ್ವಾ, ಅದಕ್ಕೆ."

ಕಸ ಗುಡಿಸುವವಳು ಬಚ್ಚಲಿನ ಬಕೆಟ್ಟಿನಲ್ಲಿ ಅದನ್ನು ಒಗೆದಳು. ಇಸ್ತ್ರಿಯವನು ಒಣಗಿಸಿ ತಂದು ಚೆಕಿಂಗ್ ಮೇಜಿನ ಮೇಲೆ ಹರಡಿದ. ಯಾರೂ ಏನೂ ಹೇಳಬೇಕಾಗಿರಲಿಲ್ಲ. ಹಿಂಡಿದ ಒದ್ದೆಬಟ್ಟೆಯಂತೆ ಎರಡೂ ಕಾಲು ಒಂದೇ ಕಡೆಗೆ ಮುರಿದುಕೊಂಡು ಮಲಗಿದ್ದವು. ಮೆಷಿನ್ನುಗಳು ಒಂದೊಂದಾಗಿ ನಿಂತವು. ಮಾಸ್ಟರನಿಗೆ ಹೇಳಿಕಳಿಸಿದರು. ಅವನು ಹಾಲ್‌ನ ಆ ತುದಿಯಿಂದ ಈ ತುದಿಗೆ ನಡೆದು ಬರುವುದನ್ನು ಅವಳು ತಲೆಯೆತ್ತಿ ನೋಡಲಿಲ್ಲ, ಸ್ಟಿಕ್ಕರಿನ ಸುರುಳಿ ಬಿಚ್ಚಿ ಸುತ್ತುತ್ತಿದ್ದಳು.

"ಯಾರನ್ನ ಕೇಳಿ ಓರೆ ಇಟ್ರಿ ಮಾಸ್ಟರ್?" ಇನ್‌ಚಾರ್ಜನ ದನಿ ಯಾವಾಗಿನಂತೆ ನಯವಾಗಿಯೇ ಇತ್ತು.

"ನೀವೇ ತಾನೆ ಹೇಳಿದ್ದು? ಬಟ್ಟೆ ಉಳಿಸಿ, ಹೇಗೆ ಅಂತ ಕೇಳಲ್ಲ ಅಂತ?"

"ನಾನಾ? ಬಟ್ಟೆ ಉಳಿಸಿ ಅಂತ ಎಲ್ಲರಿಗೂ ಹೇಳ್ತೀನಿ. ಪ್ಯಾಂಟು ಕೆಡಿಸಿ ಅಂತ ಯಾರಿಗಾದ್ರೂ ಹೇಳಿದೀನಾ?" ಅವನು ಸುತ್ತ ನೋಡಿ, ಅವಳ ಕಡೆ ತಿರುಗಿದ. "ನೀವೇ ಹೇಳಮ್ಮ. ನಾನು ಅಂಥಾ ಮಾತು ಆಡ್ದೆ ಅಂತ ಇವರು ಯಾವತ್ತಾದ್ರೂ ಮನೇಲಿ ಹೇಳಿದ್ರಾ?"

ಹೌದು ಎಂದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಗಂಡನ ಕೆಲಸ ಹೇಗೂ ಉಳಿಯುತ್ತಿರಲಿಲ್ಲ. ಇನ್‌ಚಾರ್ಜನನ್ನು ಸುಳ್ಳುಗಾರ ಎಂದವಳ ಕೆಲಸವೂ ಉಳಿಯುತ್ತಿರಲಿಲ್ಲ. ಗಂಡ ಅವಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಬೇಡಿಕೆಯೂ ಇರಲಿಲ್ಲ, ಅಪ್ಪಣೆಯೂ ಇರಲಿಲ್ಲ. ಏನು ಹೇಳುತ್ತಾಳೋ ಎಂಬ ಕುತೂಹಲವಷ್ಟೇ ಇದ್ದಂತಿತ್ತು.

"ಇಲ್ಲ ಸಾರ್," ಎಂದಳು.

ಮಾಸ್ಟರ್ ತನ್ನ ಮೇಜಿಗೆ ಹಿಂತಿರುಗಿ, ಕರೆಂಟಿನ ಕತ್ತರಿಯ ಪ್ಲಗ್ಗು ಕಿತ್ತು, ಅಲಗಿಗೆ ಅಂಟಿದ ಹತ್ತಿಯ ಧೂಳನ್ನು ರೂಢಿಯಂತೆ ಒರೆಸಿಟ್ಟು, ಅಂಗಿಯ ತೋಳು ಇಳಿಸಿಕೊಂಡು ಹೊರಟುಹೋದ.

ಸಂಜೆ ಅವಳು ಮನೆಗೆ ಬಂದಾಗ ಅವನು ಪುಟ್ಟಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಮಗು ಆಟಕ್ಕೆ ಇಳಿದುಹೋಗುವವರೆಗೆ ಕಾದು ಮಾತೆತ್ತಿದ.

"ಒಗೆದು ನೋಡಿ ಅಂದಿದ್ದು ನೀನಂತೆ."

"ಹೂಂ."

"ನಂಗೊಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ." ಅವನು ಮಗುವಿನ ಪೆನ್ಸಿಲನ್ನು ಬೆರಳುಗಳ ನಡುವೆ ಉರುಳಿಸಿದ. "ಅದು ಹೋಗ್ಲಿ. 'ಇಲ್ಲ ಸಾರ್' ಅಂದ್ಯಲ್ಲ?"

"ಹೌದು ಅಂದಿದ್ರೆ ಇಬ್ಬರೂ ಇವತ್ತು ಇಲ್ಲೇ ಕೂತಿರ್ತಿದ್ವಿ ರೀ. ಪುಟ್ಟಿ..."

"ಪುಟ್ಟೀನ ಮಧ್ಯೆ ತರಬೇಡ. ನೀನು ಹೇಳಿದ್ದು ಲೆಕ್ಕಕ್ಕೆ ಸರಿಯಾಗೇ ಇದೆ. ನಾನೂ ಮಧ್ಯಾಹ್ನದಿಂದ ಅದನ್ನೇ ಕೂಡಿ ಕಳೆದು ನೋಡ್ತಿದೀನಿ, ಸರಿಯಾಗೇ ಬರುತ್ತೆ." ಪೆನ್ಸಿಲು ಕೆಳಗಿಟ್ಟ. "ಅಷ್ಟು ಜನರ ಮುಂದೆ ನಾನು ಸುಳ್ಳುಗಾರ ಆದೆ. ಅದೊಂದನ್ನ ಎಲ್ಲಿ ಸೇರಿಸಬೇಕು ಅಂತ ಗೊತ್ತಾಗ್ತಿಲ್ಲ."

ಅಳಬೇಕೆನಿಸಿತು. ಆದರೆ ಅಳುವ ಹಕ್ಕು ತನಗಿಲ್ಲವೆಂದುಕೊಂಡು ಎದ್ದು ಪಾತ್ರೆ ತೊಳೆಯಲು ಹೋದಳು.

ಅತ್ತೆ ಒಂದು ವಾರ ಅವಳೊಡನೆ ಮಾತಾಡಲಿಲ್ಲ. ಮಾತಾಡಿದ್ದೆಲ್ಲ ಪಾತ್ರೆಗಳೇ, ಮುಚ್ಚಳ ದಬಾರೆಂದರೆ ಕೋಪ, ತಟ್ಟೆ ಸರಕ್ಕೆಂದರೆ ಬಂದು ಉಣ್ಣು ಎಂದರ್ಥ. ಎಂಟನೆಯ ದಿನವೋ ಏನೋ, ಬಟ್ಟೆ ಮಡಚುತ್ತಿರುವಾಗ ಆಕೆ ಇದ್ದಕ್ಕಿದ್ದಂತೆ ಹೇಳಿದಳು: "ನಾನಾಗಿದ್ರೂ ಅದನ್ನೇ ಮಾಡ್ತಿದ್ದೆನೋ ಏನೋ. ಅದಕ್ಕೇ ನಿನ್ನ ಮುಖ ನೋಡೋಕಾಗಲ್ಲ ನಂಗೆ."

ಮಾಸ್ಟರ್ ಬೆಳಗ್ಗೆ ಶೇವ್ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು ಕೆಲಸ ಹುಡುಕಲು ಹೊರಡುತ್ತಿದ್ದ. ಕೈ ಚಳಕ ಬಲ್ಲವನಿಗೆ ಎಲ್ಲಿಯಾದರೂ ಅನ್ನ ಹುಟ್ಟುತ್ತದೆ ಎಂಬ ಮಾತು ಒಳ್ಳೆಯ ಕಾಲದಲ್ಲಿ ಹುಟ್ಟಿದ್ದಿರಬೇಕು. ಇದ್ದ ಕಾರ್ಖಾನೆಗಳು ಇದ್ದವರನ್ನೇ ಕಳಿಸುತ್ತಿದ್ದವು. ಟೈಲರ್ ಅಂಗಡಿಯವನೊಬ್ಬ, "ಹೊಸ ಬಟ್ಟೆ ಯಾರು ಹೊಲಿಸ್ತಾರೆ ಮಾಸ್ಟರ್? ಎಲ್ಲರೂ ಹಳೇದರ ಸೊಂಟ ಬಿಗಿ ಮಾಡಿಸ್ಕೊಳ್ತಿದಾರೆ. ಹೊಟ್ಟೆ ಒಳಗೆ ಹೋಗಿದೆ ನೋಡಿ," ಎಂದು ನಕ್ಕು ಕಳಿಸಿದನಂತೆ. ಕೊನೆಗೆ ಗೋದಾಮೊಂದರಲ್ಲಿ ಲಾರಿ ಬಂದ ದಿನ ಮೂಟೆ ಇಳಿಸುವ ಕೆಲಸ ಸಿಕ್ಕಿತು. ಲಾರಿಗಳೂ ದಿನವೂ ಬರುತ್ತಿರಲಿಲ್ಲ. ಅವನ ಅಂಗೈ ಒಡೆದು, ಬೆರಳ ಗೆಣ್ಣುಗಳು ಊದಿಕೊಂಡವು. ಪುಟ್ಟಿಯ ಕೆನ್ನೆ ಸವರಲು ಹೋದರೆ ಮಗು, "ಅಪ್ಪಾ ಚುಚ್ಚುತ್ತೆ," ಎಂದು ಮುಖ ತಿರುಗಿಸುತ್ತಿತ್ತು.

ಕೆಟ್ಟ ಮಾಲು ಚಿಂದಿಯವನ ಪಾಲಾಯಿತು. ಹೊರಗಿನಿಂದ ದಿನಗೂಲಿಗೆ ಒಬ್ಬನನ್ನು ಕರೆಸಿ ಹೊಸದಾಗಿ ಕತ್ತರಿಸಿ ಆರ್ಡರು ಮುಗಿಸಿದರು. ಇನ್ನೊಂದು ಸಣ್ಣ ಆರ್ಡರು ಬಂತು. ಆಗ ಇನ್‌ಚಾರ್ಜ್ ಅವಳನ್ನು ಕರೆಸಿದ.

"ನೋಡಮ್ಮ, ಹೊಸ ಮಾಸ್ಟರನ್ನ ಇಟ್ಕೊಳ್ಳೋ ಶಕ್ತಿ ಕಂಪನಿಗಿಲ್ಲ. ಚೆಕಿಂಗಿಗೆ ಬೇರೆ, ಕಟಿಂಗಿಗೆ ಬೇರೆ ಅಂತ ಇಬ್ಬರಿಗೆ ಕೊಡೋಕೂ ಆಗಲ್ಲ. ಎರಡನ್ನೂ ನೀವೇ ನೋಡ್ಕೊಳ್ಳಿ. ಸಂಬಳ ಅಷ್ಟೇ ಇರುತ್ತೆ, ಈಗಿನ್ನೂ ಏರಿಸೋಕಾಗಲ್ಲ. ಇಷ್ಟು ವರ್ಷ ಮಾಸ್ಟರ್ ಜೊತೆ ಇದ್ದೀರಿ, ಕತ್ತರಿಸೋದು ಬರುತ್ತೆ ತಾನೆ?"

ಪ್ಯಾಂಟು ಕೆಟ್ಟಿದ್ದರೆ ಎಲ್ಲಿ ಕೆಟ್ಟಿದೆಯೆಂದು ಅವಳಿಗೆ ಗೊತ್ತಾಗುತ್ತಿತ್ತು. ಕೆಡದಂತೆ ಕತ್ತರಿಸುವುದು ಬೇರೆಯೇ ವಿದ್ಯೆ. ಬರುವುದಿಲ್ಲ ಎಂದರೆ ಬರುವವಳು ಯಾರೋ ನಾಳೆಯೇ ಬಾಗಿಲಲ್ಲಿ ನಿಂತಿರುತ್ತಾಳೆ.

"ಬರುತ್ತೆ ಸಾರ್."

"ಸೋಮವಾರದಿಂದ ಶುರು ಮಾಡಿ."

ಶನಿವಾರ ಸಂಜೆ ಊಟದ ಹೊತ್ತಿಗೆ ಅವಳು ಅದನ್ನು ಮನೆಯಲ್ಲಿ ಹೇಳಿದಳು. ತಟ್ಟೆ ನೋಡಿಕೊಂಡೇ ಹೇಳಿದಳು. ಅತ್ತೆಯ ಕೈಯ ತುತ್ತು ಕೈಯಲ್ಲೇ ನಿಂತಿತು.

"ಅವನ ಮೇಜಿಗೆ ನೀನಾ?"

"ನನಗೆ ಬರಲ್ಲ ಅತ್ತೆ. ಬರುತ್ತೆ ಅಂತ ಹೇಳಿ ಬಂದಿದೀನಿ." ಆಮೇಲೆ ಗಂಡನ ಕಡೆಗೆ, "ನೀವು ಹೇಳಿಕೊಟ್ರೆ..." ಎಂದಳು.

ಮಾಸ್ಟರ್ ಊಟ ಮುಗಿಸಿ, ಕೈ ತೊಳೆದು, ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮುಗಿಯಿತು, ಸೋಮವಾರ ಹೋಗಿ ತಪ್ಪೊಪ್ಪಿಕೊಳ್ಳಬೇಕು ಎಂದುಕೊಂಡಳು.

ಭಾನುವಾರ ತಿಂಡಿಯಾದ ಮೇಲೆ ಅವನು ಹಾಸಿಗೆಯ ಮೇಲಿನ ಚಾದರ ಎಳೆದು ನೆಲದ ಮೇಲೆ ಹರಡಿದ. ಅದರ ಮೇಲೆ ಇನ್ನೊಂದು. ಮನೆಯಲ್ಲಿದ್ದ ಹೊದಿಕೆಗಳೆಲ್ಲ ಬಂದವು. ಪುಟ್ಟಿ ಆಟವೆಂದು ತಿಳಿದು ನಡುವೆ ಹಾರಿ ಕೂತಳು. "ಏಳು ಮಗಳೇ, ಅಮ್ಮನಿಗೆ ಕೆಲಸ ಇದೆ," ಎಂದು ಎತ್ತಿ ಕಿಟಕಿಯ ಹತ್ತಿರ ಕೂರಿಸಿದ. ರಟ್ಟಿನ ಪೆಟ್ಟಿಗೆ ಹರಿದು ಪ್ಯಾಟರ್ನು ಮಾಡಿದ. ಆಮೇಲೆ ಅವಳನ್ನು ಕರೆದ.

"ನೋಡಮ್ಮ, ಮೊದಲು ಅಂಚು ನೋಡಬೇಕು. ಅಂಚು ಎತ್ತ ಹೋಗುತ್ತೋ ಎಳೆ ಅತ್ತ. ಪ್ಯಾಟರ್ನಿನ ಗೆರೆ ಅಂಚಿಗೆ ಸಮ ಇರಬೇಕು. ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ ಅಳೆದು ನೋಡಿ. ಎರಡೂ ಒಂದೇ ಬರಬೇಕು."

ಕೆಲಸ ಕಲಿಯಲು ಬಂದ ಹೊಸಬರಿಗೆ ಅವನು ಹೇಳುತ್ತಿದ್ದ ಧಾಟಿ ಅದು. ದನಿಯಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವನು ತನಗೆ ಗೊತ್ತಿದ್ದುದನ್ನೆಲ್ಲ ಹೇಳಿಕೊಟ್ಟ, ಒಂದನ್ನೂ ಮುಚ್ಚಿಟ್ಟುಕೊಳ್ಳಲಿಲ್ಲ. ಪದರಗಳನ್ನು ಎಳೆದು ಹರಡಬಾರದು, ಬಟ್ಟೆ ತಾನಾಗಿ ಬೀಳಬೇಕು. ಕತ್ತರಿ ಮೂಲೆಗೆ ಬಂದಾಗ ಕೈ ತಿರುಗಿಸಬಾರದು, ಮೈ ತಿರುಗಿಸಬೇಕು. ಅವಳು ತಪ್ಪು ಮಾಡಿದರೆ, "ಇನ್ನೊಂದ್ಸಲ," ಎನ್ನುತ್ತಿದ್ದ. ಅವಳ ಕೈ ಹಿಡಿದು ತೋರಿಸಬೇಕಾದ ಕಡೆಯೂ ಅವನು ಕೈ ಹಿಡಿಯಲಿಲ್ಲ. ತನ್ನ ಊದಿದ ಬೆರಳಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದ.

"ಹೆಂಡತೀನ ಏನೋ ಅದು 'ನೋಡಿ, ಮಾಡಿ' ಅಂತೀಯ? ನೆಂಟರ ಮನೇಗೆ ಬಂದವಳಾ ಅವಳು?" ಎಂದು ಅತ್ತೆ ಒಳಗಿನಿಂದ ಕೇಳಿದಳು. ತಮಾಷೆ ಮಾಡಲು ಹೊರಟ ಆಕೆಯ ದನಿ ನಡುವೆಯೇ ಸೋತಿತು. ಅವನು ಪ್ಯಾಟರ್ನನ್ನು ಅಂಚಿಗೆ ಸರಿಸಿಟ್ಟ.

ಸಂಜೆ ಹೊದಿಕೆಗಳನ್ನು ಒಬ್ಬನೇ ಮಡಚಿಟ್ಟು, "ಬಂತು ನಿಮಗೆ. ಇನ್ನು ಹೆದರಬೇಡಿ," ಎಂದು ಅಂಗಿ ಹಾಕಿಕೊಂಡು ಗೋದಾಮಿನ ಕಡೆ ಹೋದ. ಲಾರಿ ಬರುವ ದಿನವಾಗಿರಲಿಲ್ಲ.

ಸೋಮವಾರ ಅವಳು ಕಟಿಂಗ್ ಮೇಜಿನ ಮುಂದೆ ನಿಂತಳು. ಮೇಜು ಅವನ ಎತ್ತರಕ್ಕೆ ಮಾಡಿದ್ದು. ಹಲಗೆಯೊಂದನ್ನು ಕಾಲಡಿಗೆ ಹಾಕಿಕೊಂಡಳು. ಬಟ್ಟೆ ಹರಡಿದಳು, ಅಂಚು ನೋಡಿದಳು, ಮೇಲೊಮ್ಮೆ ಕೆಳಗೊಮ್ಮೆ ಅಳೆದಳು, ಮತ್ತೆ ಅಳೆದಳು. ನೇರವಾಗಿತ್ತು. ಆದರೂ ಯಾರಾದರೂ ಒಮ್ಮೆ ನೋಡಿ ಸರಿಯಿದೆ ಎನ್ನಲಿ ಎಂದು ತಲೆಯೆತ್ತಿದಳು. ಎದುರಿನ ಸಾಲುಗಳಲ್ಲಿ ಗೌಸು ಹಾಕಿದ ಮೆಷಿನ್ನುಗಳು, ಅವುಗಳಾಚೆ ಖಾಲಿ ಚೆಕಿಂಗ್ ಮೇಜು. ಕರೆಂಟಿನ ಕತ್ತರಿಯ ಗುಂಡಿ ಒತ್ತಿದಳು. ಅದು ಅವಳ ಕೈಯಲ್ಲಿ ಅದುರತೊಡಗಿತು. ಮೈಯನ್ನು ಮೂಲೆಯ ಕಡೆಗೆ ತಿರುಗಿಸಿ ಕತ್ತರಿಸಲು ಶುರುಮಾಡಿದಳು.